ತೊಟ್ಟಿ ತೊಳೆದ ಮರುದಿನದ ಸಾವು

"ನಿನ್ನೆ ತಾನೇ ಅರ್ಧ ನೀರು ಬದಲಾಯಿಸಿದ್ದೆ, ಬೆಳಗ್ಗೆ ನೋಡಿದರೆ ಮೀನು ತೇಲ್ತಿವೆ." ಮನೆಯಲ್ಲಿ ಸಿಕ್ಲಿಡ್ ಸಾಕುವವರ ನಡುವೆ ಇದು ಹಳೆಯ ದೂರು. ಕೇಳಿದವರು ಯಾವುದೋ ರೋಗ ಎನ್ನುತ್ತಾರೆ, ಇಲ್ಲವೇ ಅಂಗಡಿಯವನು ಕೊಟ್ಟ ಮೀನೇ ಸರಿಯಿರಲಿಲ್ಲ ಎನ್ನುತ್ತಾರೆ. ಇಂಥ ಸಾವುಗಳಲ್ಲಿ ಹೆಚ್ಚಿನವಕ್ಕೆ ಲೆಕ್ಕ ಸಿಗುತ್ತದೆ. ಸಿಗುವುದಷ್ಟೇ ಅಲ್ಲ, ಸಾವಿಗೆ ವಾರಗಳ ಮೊದಲೇ ಆ ಲೆಕ್ಕ ತೊಟ್ಟಿಯ ನೀರಿನಲ್ಲಿ ಕೂತಿರುತ್ತದೆ. ಬೇಸಿಗೆಯಲ್ಲಿ ಕಾವೇರಿ ನೀರು ಕಡಿಮೆಯಾಗಿ ಟ್ಯಾಂಕರ್ ಬರುವ ಬೆಂಗಳೂರಿನ ಬಡಾವಣೆಗಳಲ್ಲಿ ಅದು ಚುಕ್ತಾ ಆಗುವ ಕಾಲವೂ ಹೆಚ್ಚುಕಡಿಮೆ ಗೊತ್ತಿರುವಂಥದ್ದೇ.

ಮೂಲದಲ್ಲಿರುವುದು ಅಮೋನಿಯಾ. ಮೀನು ತಿಂದ ಪ್ರೋಟೀನಿನ ಸಾರಜನಕದ ಬಹುಪಾಲು ಕಿವಿರಿನ ಮೂಲಕ ಅಮೋನಿಯಾ ಆಗಿಯೇ ನೀರಿಗೆ ಸೇರುತ್ತದೆ. ನೀರಿನಲ್ಲಿ ಅದಕ್ಕೆ ಎರಡು ರೂಪ. ಅಮೋನಿಯಂ ಅಯಾನು ಹೆಚ್ಚುಕಡಿಮೆ ನಿರುಪದ್ರವಿ. ಕಿವಿರಿನ ಪೊರೆ ದಾಟಿ ಒಳನುಗ್ಗುವ ಮುಕ್ತ ಅಮೋನಿಯಾ ವಿಷ. ಯಾವುದು ಎಷ್ಟಿರಬೇಕು ಎಂಬುದನ್ನು ಮುಖ್ಯವಾಗಿ ಪಿಎಚ್, ಸ್ವಲ್ಪಮಟ್ಟಿಗೆ ಉಷ್ಣತೆ ತೀರ್ಮಾನಿಸುತ್ತವೆ. 1975ರಲ್ಲಿ ಎಮರ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರವನ್ನೇ ಇಂದಿಗೂ ಹೆಚ್ಚಾಗಿ ಬಳಸುವುದು. ಅದರ ಪ್ರಕಾರ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 6.4 ಇದ್ದರೆ ಒಟ್ಟು ಅಮೋನಿಯಾದ ಶೇ 0.18ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 7ಕ್ಕೆ ಬಂದರೆ ಶೇ 0.7, ಪಿಎಚ್ 8.2ರಲ್ಲಿ ಶೇ 10.

ಈ ಕೊನೆಯ ಅಂಕಿಯೇ ಸಿಕ್ಲಿಡ್ ಸಾಕುವವರ ಕಷ್ಟ. ಆಫ್ರಿಕಾದ ಮಲಾವಿ ಸರೋವರದ ನೀರು ಕ್ಷಾರೀಯ, ಪಿಎಚ್ 7.8ರಿಂದ 8.6. ಅಲ್ಲಿಂದ ಬಂದ ತಳಿಗಳಿಗೆಂದು ನಾವು ಹವಳದ ಚೂರು ಹಾಕಿ, ಸುಣ್ಣದ ಕಲ್ಲು ಜೋಡಿಸಿ ಅದೇ ಪಿಎಚ್ ಉಳಿಸಿಕೊಳ್ಳುತ್ತೇವೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ನೈಟ್ರೋಸ್ಪೈರಾದಂಥ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಕೊನೆಗೆ ನೈಟ್ರೇಟಿನವರೆಗೆ ಒಯ್ಯುತ್ತಿರುವಷ್ಟು ದಿನ ತೊಂದರೆಯಿಲ್ಲ. ಅವು ಕೈಕೊಟ್ಟರೆ? 200 ಲೀಟರಿನ ತೊಟ್ಟಿಗೆ ದಿನಕ್ಕೆ ಮೂರು ಗ್ರಾಂ ಆಹಾರ, ಅದರಲ್ಲಿ ಶೇ 40 ಪ್ರೋಟೀನ್ ಎಂದುಕೊಳ್ಳಿ. ಮೀನು ಕೃಷಿಯಲ್ಲಿ ಬಳಸುವ ಅಂದಾಜಿನಂತೆ ಒಂದೇ ದಿನದಲ್ಲಿ ಲೀಟರಿಗೆ 0.55 ಮಿಲಿಗ್ರಾಂ ಅಮೋನಿಯಾ ಏರುತ್ತದೆ. ಪಿಎಚ್ 8.2 ಇದ್ದಲ್ಲಿ ವಿಷರೂಪದ್ದು 0.055. ಸಾಕಣೆಯವರು ಸಾಮಾನ್ಯವಾಗಿ ಪಾಲಿಸುವ ಸುರಕ್ಷಿತ ಮಿತಿ 0.02. ಅಂದರೆ ಮೊದಲ ದಿನ ಮುಗಿಯುವ ಮುಂಚೆಯೇ ಗೆರೆ ದಾಟಿರುತ್ತದೆ.

ಇದಾದರೂ ನೇರವಾದ ಅಪಾಯ, ಅಮೋನಿಯಾ ಅಳೆಯುವ ಕಿಟ್‌ನಲ್ಲಿ ಕಾಣುತ್ತದೆ. ಹೆಚ್ಚು ಮೀನು ಕೊಲ್ಲುವುದು ಇದರ ತಿರುವುಮುರುವು ರೂಪ.

ಬ್ಯಾಕ್ಟೀರಿಯಾ ತಮ್ಮ ಕೆಲಸ ಮಾಡುವಾಗ ಆಮ್ಲ ಹುಟ್ಟುತ್ತದೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, 7.14 ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ. ಮೇಲಿನ ತೊಟ್ಟಿಯಲ್ಲಿ ದಿನಕ್ಕೆ ಲೀಟರಿಗೆ ಸುಮಾರು 4 ಮಿಲಿಗ್ರಾಂ. ಹವಳದ ಚೂರು, ಸುಣ್ಣದ ಕಲ್ಲು ಇಲ್ಲದೆ ಮೆದು ನೀರು ತುಂಬಿಸಿ, ಕ್ಷಾರತೆ 100 ಇದ್ದು, ಆವಿಯಾದಷ್ಟನ್ನು ಮಾತ್ರ ಆರ್‌ಒ ನೀರಿನಿಂದ ಭರ್ತಿ ಮಾಡುತ್ತಾ ಹೋದರೆ ತಿಂಗಳೊಳಗೆ ಬೊಕ್ಕಸ ಬರಿದು. ಆಮೇಲೆ ಪಿಎಚ್ ಜಾರತೊಡಗುತ್ತದೆ. 6.5ರ ಕೆಳಗೆ ಬಂದರೆ ಬ್ಯಾಕ್ಟೀರಿಯಾಗಳೂ ಮಂಕಾಗುತ್ತವೆ, ಅಮೋನಿಯಾ ಕೂಡಿಕೊಳ್ಳುತ್ತದೆ. ಆದರೂ ಮೀನು ಸಾಯುವುದಿಲ್ಲ, ಏಕೆಂದರೆ ಆ ಪಿಎಚ್‌ನಲ್ಲಿ ಅದು ಬಹುಪಾಲು ಅಮೋನಿಯಂ. ಬಣ್ಣ ತುಸು ಮಾಸಿರಬಹುದು, ಒಂದೆರಡು ಮೂಲೆ ಹಿಡಿದಿರಬಹುದು. ಉಳಿದಂತೆ ಊಟಕ್ಕೆ ಎಂದಿನಂತೆ ಓಡಿಬರುತ್ತವೆ.

ಈಗ ಆ ತೊಟ್ಟಿಗೆ ಗಡಸು ನೀರು ಬಿಡಿ. ಒಟ್ಟು ಅಮೋನಿಯಾ ಲೀಟರಿಗೆ 4 ಮಿಲಿಗ್ರಾಂ, ಪಿಎಚ್ 6.4 ಇತ್ತೆಂದುಕೊಳ್ಳೋಣ; ವಿಷರೂಪದ್ದು 0.007, ಮಿತಿಯೊಳಗೇ ಇದೆ. ಅರ್ಧ ನೀರು ತೆಗೆದು ಕ್ಷಾರೀಯ ಬೋರ್‌ವೆಲ್ ನೀರು ತುಂಬಿದಿರಿ. ಒಟ್ಟು ಅಮೋನಿಯಾ 2ಕ್ಕೆ ಇಳಿಯಿತು. ಪಿಎಚ್ ಮಾತ್ರ 7.8ಕ್ಕೆ ಹಾರಿತು. ಆ ಪಿಎಚ್‌ನಲ್ಲಿ ವಿಷರೂಪದ ಪಾಲು ಶೇ 4.2, ಅಂದರೆ 0.084. ಕೊಳೆ ಅರ್ಧವಾಯಿತು, ವಿಷ ಹನ್ನೆರಡು ಪಟ್ಟಾಯಿತು. ರಾತ್ರಿಯೊಳಗೆ ಕಿವಿರು ಬಡಿತ ಜೋರಾಗುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಸತ್ತ ಮೇಲೆ ಕಿಟ್ ಹಿಡಿದವರು ಒಟ್ಟು ಅಂಕಿ ಮೊದಲಿಗಿಂತ ಕಡಿಮೆಯಾದದ್ದನ್ನು ಕಂಡು, ನೀರು ಸರಿಯಿದೆ, ಇದು ರೋಗವೇ ಎಂದು ತೀರ್ಮಾನಿಸುತ್ತಾರೆ. ಮನೆಬಳಕೆಯ ಕಿಟ್‌ಗಳಲ್ಲಿ ಹೆಚ್ಚಿನವು ತೋರಿಸುವುದು ಎರಡೂ ರೂಪಗಳ ಮೊತ್ತವನ್ನು. ಪಕ್ಕದಲ್ಲಿ ಪಿಎಚ್ ಬರೆದುಕೊಳ್ಳದಿದ್ದರೆ ಕಿಟ್ ತೋರಿಸುವ ಹಸಿರು ಬಣ್ಣದಿಂದ ಉಪಯೋಗವಿಲ್ಲ.

ಬೆಂಗಳೂರಿನಲ್ಲಿ ಈ ಪಲ್ಲಟಕ್ಕೆ ಯಾರೂ ಕೈಹಾಕಬೇಕಿಲ್ಲ, ಸಂಪೇ ಮಾಡಿಕೊಡುತ್ತದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ 77.5 ಕೋಟಿ ಲೀಟರ್ ನೀರು ನಗರದಂಚಿನ 110 ಹಳ್ಳಿಗಳ ಪ್ರದೇಶಕ್ಕೆಂದು ಬಂತು. ಬೋರ್‌ವೆಲ್ ಗಡಸು ನೀರಿನಲ್ಲೇ ಮೀನು ಸಾಕಿದ್ದ ಮನೆಗಳಿಗೂ ಹೀಗೆ ನದಿ ನೀರು ಸೇರತೊಡಗಿತು. ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುವ ಅಪಾರ್ಟ್‌ಮೆಂಟಿನಲ್ಲಿ ಇವತ್ತಿನ ನಲ್ಲಿ ನೀರು ಕಳೆದ ವಾರದ್ದಲ್ಲ. ಸಾಫ್ಟ್‌ನರ್ ಬೇರೆ ಇದ್ದರೆ ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂದಿರುತ್ತದೆ, ಕ್ಷಾರತೆ ಮಾತ್ರ ಇದ್ದಷ್ಟೇ ಇರುತ್ತದೆ. "ನೀರು ಮೆತ್ತಗಿದೆ" ಎಂದು ನಂಬಿ ಸುರಿದವರಿಗೆ ಪಿಎಚ್ ಏರಿಕೆ ತಪ್ಪಿದ್ದಲ್ಲ.

ಎರಡನೇ ಆರೋಪಿ ಕ್ಲೋರಿನ್. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1984ರಲ್ಲಿ ಸಿಹಿನೀರ ಜೀವಿಗಳಿಗೆ ಹಾಕಿದ ಅಲ್ಪಾವಧಿ ಮಿತಿ 0.019. ನಮಗೆ ಸುರಕ್ಷಿತವಾದದ್ದು ಮೀನಿಗೆ ಹತ್ತು ಪಟ್ಟು ಹೆಚ್ಚು. ಸಂಪು ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದ ವಾರವಂತೂ ಕೇಳಲೇಬೇಡಿ. ಇದನ್ನು ಅಮೋನಿಯಾದಿಂದ ಬೇರ್ಪಡಿಸುವುದು ಸುಲಭ: ಕ್ಲೋರಿನ್ ಕಿಟ್‌ನ ಹನಿಯನ್ನು ತೊಟ್ಟಿಯ ನೀರಿಗಲ್ಲ, ಬಕೆಟ್‌ನ ಹೊಸ ನೀರಿಗೆ ಹಾಕಿ ನೋಡಿ, ಹಳದಿಯಾದರೆ ಉತ್ತರ ಅಲ್ಲೇ ಇದೆ. ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಎಂದು ಮಾರುವ ಹರಳು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್. ಅದು ಕ್ಲೋರಿನ್ನಿಗೆ ಮದ್ದು, ಅಮೋನಿಯಾಕ್ಕೆ ಅಲ್ಲ.

ಸಾವು ಶುರುವಾದ ಮೇಲೆ ಮಾಡುವ ಉಪಚಾರ ಹಲವು ಸಲ ಎರಡನೇ ಸುತ್ತಿನ ಸಾವಿಗೆ ದಾರಿ. ಸ್ಪಂಜನ್ನು ನಲ್ಲಿಯಡಿ ಹಿಂಡಿ ತೊಳೆದರೆ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನೂ ತೊಳೆದುಬಿಡುತ್ತದೆ. ಮೆಥಿಲೀನ್ ಬ್ಲೂ ಇಡೀ ತೊಟ್ಟಿಗೆ ಸುರಿದರೂ ಅದೇ ಗತಿ. ಬೇಸಿಗೆಯಲ್ಲಿ ಉಸಿರಿನ ಅಭಾವವೂ ಜೊತೆಗೂಡುತ್ತದೆ. 28 ಡಿಗ್ರಿಯ ನೀರು ಮಂಗಳೂರಿನಲ್ಲಿ ಲೀಟರಿಗೆ ಸುಮಾರು 7.8 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ 7ರಷ್ಟು. ಕರೆಂಟು ಹೋಗಿ ಪಂಪು ನಿಂತರೆ ಮೀನು ತುಂಬಿದ ತೊಟ್ಟಿಯಲ್ಲಿ ಅದು ಬೇಗ ಮುಗಿಯುತ್ತದೆ. ಬ್ಯಾಟರಿಯ ಏರ್ ಪಂಪ್ ಅಗ್ಗದ ವಿಮೆ.

ಎಲ್ಲ ಸಾವೂ ನೀರಿನದ್ದಲ್ಲ, ನಿಜ. ರೆಕ್ಕೆ ಹರಿದ ಒಂಟಿ ಮೀನು ಸತ್ತಿದ್ದರೆ ದರ್ಪದ ಗಂಡಿನ ಕೈವಾಡ. ಊಟ ಬಿಟ್ಟು, ಬಿಳಿ ದಾರದಂಥ ಮಲ ಹಾಕುತ್ತಾ, ಹೊಟ್ಟೆ ಉಬ್ಬಿ ದಿನಗಟ್ಟಲೆ ಅಂತರದಲ್ಲಿ ಒಂದೊಂದೇ ಹೋಗುತ್ತಿದ್ದರೆ ಕರುಳಿನ ಕಾಯಿಲೆ. ನೀರಿನ ವಿಷಕ್ಕೆ ಈ ತಾಳ್ಮೆಯಿಲ್ಲ, ಹಲವು ತಳಿಗಳು ಒಟ್ಟಿಗೆ, ಗಂಟೆಗಳಲ್ಲಿ ಕುಸಿಯುತ್ತವೆ.

ಹಾಗಾಗಿ ಟ್ಯಾಂಕರ್ ಬರುವ ಮುಂಚೆ ಮೂರು ಅಂಕಿ ಬೇಕು: ತೊಟ್ಟಿಯ ಪಿಎಚ್, ಅದರ ಒಟ್ಟು ಅಮೋನಿಯಾ, ಹೊಸ ನೀರಿನ ಪಿಎಚ್. ಮೂರನೆಯದನ್ನು ನಲ್ಲಿ ತಿರುಗಿಸಿದ ಕೂಡಲೇ ಅಳೆಯಬೇಡಿ. ನೆಲದಾಳದ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಪಿಎಚ್ ಅನ್ನು ತಗ್ಗಿಸಿ ತೋರಿಸುತ್ತದೆ. ಬಕೆಟ್‌ನಲ್ಲಿ ಒಂದು ರಾತ್ರಿ ಗಾಳಿ ಹಾಯಿಸಿ ಅಳೆದರೆ ನಿಜ ಹೊರಬೀಳುತ್ತದೆ. ತೊಟ್ಟಿಯ ಪಿಎಚ್ ಬಹಳ ಕೆಳಗಿದ್ದು ಅಮೋನಿಯಾ ಕಂಡರೆ ಅರ್ಧ ನೀರು ತೆಗೆಯುವ ಆಸೆ ಬಿಡಿ. ಊಟ ನಿಲ್ಲಿಸಿ, ಗಾಳಿ ಹೆಚ್ಚಿಸಿ, ದಿನಕ್ಕೆ ಹತ್ತನೇ ಒಂದು ಭಾಗದಂತೆ ಬದಲಾಯಿಸುತ್ತಾ ಪ್ರತಿದಿನ ಎರಡೂ ಅಂಕಿ ನೋಡಿ. ಅಷ್ಟರ ನಡುವೆಯೂ ಸಾವು ಸಂಭವಿಸಿದರೆ, ನೀರು ಮುಟ್ಟುವ ಮೊದಲು ಒಂದು ಬಾಟಲಿ ತುಂಬಾ ತೊಟ್ಟಿಯ ನೀರು ತೆಗೆದಿಡಿ. ಆಗತಾನೇ ಸತ್ತ ಮೀನನ್ನು ಫ್ರೀಜರಿಗೆ ಹಾಕದೆ ಐಸಿನ ಮೇಲಿಡಿ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಂಥ ಕಡೆ ಪರೀಕ್ಷಿಸುವವರಿಗೆ ಎರಡೂ ಬೇಕು. ರಾತ್ರಿಯೆಲ್ಲ ಬೆಚ್ಚನೆ ನೀರಿನಲ್ಲಿ ತೇಲಿದ ಮೀನಿನ ಕಿವಿರಿನಲ್ಲಿ ಅವರಿಗೆ ಸಿಗುವುದು ಕೊಳೆತ ಮೇಲೆ ಬಂದ ಬ್ಯಾಕ್ಟೀರಿಯಾ ಮಾತ್ರ.