ಎಕ್ಸ್‌ರೇಗೆ ಮೊದಲು ಕಂಡದ್ದು

ನ್ಯೂಯಾರ್ಕಿನ ಬೇಬೀಸ್ ಆಸ್ಪತ್ರೆಯ ಡಾ. ಜಾನ್ ಕ್ಯಾಫಿ ಮಕ್ಕಳ ಎಕ್ಸ್‌ರೇ ಓದುವುದರಲ್ಲಿ ಪಳಗಿದವರು. 1946ರಲ್ಲಿ ಅವರು ಆರು ಕೂಸುಗಳ ಬಗ್ಗೆ ಒಂದು ಲೇಖನ ಬರೆದರು. ಆರಕ್ಕೂ ಮೆದುಳಿನ ಹೊದಿಕೆಯ ಕೆಳಗೆ ರಕ್ತ ಕಟ್ಟಿತ್ತು. ಕೈಕಾಲಿನ ಉದ್ದ ಮೂಳೆಗಳಲ್ಲಿ ಒಟ್ಟು 23 ಮುರಿತಗಳಿದ್ದವು. ಬಿದ್ದಿತ್ತೇ ಎಂದು ಕೇಳಿದರೆ ಮನೆಯವರಲ್ಲಿ ಸರಿಯಾದ ಉತ್ತರವಿಲ್ಲ. ಮೂಳೆರೋಗದ ಸುಳಿವೂ ಇಲ್ಲ. ಇದು ಪೆಟ್ಟಿನಿಂದಲೇ ಆದದ್ದು ಎನ್ನುವವರೆಗೆ ಬಂದ ಕ್ಯಾಫಿ, ಪೆಟ್ಟು ಕೊಟ್ಟವರು ಯಾರು ಎಂಬ ಪ್ರಶ್ನೆಯ ಹೊಸ್ತಿಲಲ್ಲೇ ನಿಂತರು.

ಹಾಗೆ ನೋಡಿದರೆ ಈ ವಿಷಯ ಹೊಸದೇನಲ್ಲ. ಪ್ಯಾರಿಸ್ಸಿನ ನ್ಯಾಯವೈದ್ಯ ಆಂಬ್ರಾಸ್ ತಾರ್ಡ್ಯು 1860ರಲ್ಲೇ ಚಿತ್ರಹಿಂಸೆಗೊಳಗಾದ 32 ಮಕ್ಕಳ ವಿವರ ಬರೆದಿಟ್ಟಿದ್ದರು. ಅವರಲ್ಲಿ 18 ಮಕ್ಕಳು ತೀರಿಕೊಂಡಿದ್ದರು. ವೈದ್ಯಲೋಕ ಅದನ್ನು ಓದಿ ಪಕ್ಕಕ್ಕಿಟ್ಟಿತು. ಮಗುವನ್ನು ಎತ್ತಿಕೊಂಡು ಓಡಿಬಂದ ಅಪ್ಪನ ಮೇಲೆಯೇ ಗುಮಾನಿ ಪಡುವುದು ಡಾಕ್ಟರುಗಳಿಗೆ ಆಗದ ಕೆಲಸ. ಫೀಸು ಕೊಡುವವನೂ ಅವನೇ ತಾನೆ!

ಆ ಹೊಸ್ತಿಲು ದಾಟಿದವರು ಡೆನ್ವರಿನ ಮಕ್ಕಳ ತಜ್ಞ ಹೆನ್ರಿ ಕೆಂಪ್. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ಹುಡುಗ, ಮುಂದೆ ಸಿಡುಬಿನ ಸಂಶೋಧಕ; ಆ ಕೆಲಸಕ್ಕಾಗಿ ನಮ್ಮ ಪಕ್ಕದ ಮದ್ರಾಸಿನೊಂದಿಗೂ ನಂಟು ಬೆಳೆಸಿದ್ದವರು. ಅವರು ಮತ್ತು ಸಂಗಡಿಗರು 71 ಆಸ್ಪತ್ರೆಗಳಿಂದ ಹೊಡೆತ ತಿಂದ ಮಕ್ಕಳ ಒಂದು ವರ್ಷದ ಲೆಕ್ಕ ತರಿಸಿದರು: 302 ಮಕ್ಕಳು, 33 ಸಾವು, 85 ಮಕ್ಕಳಿಗೆ ಶಾಶ್ವತ ಮೆದುಳಿನ ಹಾನಿ. 1962ರ ಜುಲೈನಲ್ಲಿ ಇದು ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಕಣ್ಣು ಮುಚ್ಚಿಕೊಳ್ಳಲು ಯಾರಿಗೂ ಆಸ್ಪದ ಉಳಿಯಲಿಲ್ಲ. ಐದೇ ವರ್ಷದಲ್ಲಿ ಅಮೆರಿಕದ ಎಲ್ಲ ರಾಜ್ಯಗಳೂ ಶಂಕೆ ಬಂದರೆ ವರದಿ ಮಾಡಬೇಕೆಂಬ ಕಾನೂನು ತಂದವು.

ಅಷ್ಟಕ್ಕೂ ಎಕ್ಸ್‌ರೇ ಏನು ಹೇಳುತ್ತದೆ? ಕೂಸಿನ ಎದೆಯನ್ನು ಎರಡೂ ಕೈಯಲ್ಲಿ ಹಿಡಿದು ಅದುಮಿದರೆ ಪಕ್ಕೆಲುಬು ಬೆನ್ನುಮೂಳೆಯ ಹತ್ತಿರ ಮುರಿಯುತ್ತದೆ. ಮಂಚದಿಂದ ಬಿದ್ದರೆ ಅಲ್ಲಿ ಮುರಿಯುವುದು ತೀರಾ ಅಪರೂಪ. ಕೈಕಾಲು ಹಿಡಿದು ಜಗ್ಗಿದರೆ ಮೂಳೆಯ ತುದಿಯ ಅಂಚು ಚೂರಾಗಿ ಏಳುತ್ತದೆ. ಹೊಸ ಬಿರುಕು ಮೊದಲ ದಿನ ಕಾಣದೇ ಹೋಗಬಹುದು. ಎರಡು ವಾರದಲ್ಲಿ ಮೂಳೆ ಕೂಡಿಕೊಳ್ಳತೊಡಗಿ ಅಲ್ಲೊಂದು ಗಂಟು ಬಿಳಿಯಾಗಿ ಮೂಡುತ್ತದೆ. ಅದಕ್ಕೇ ಇಡೀ ಮೈಯ ಎಕ್ಸ್‌ರೇಯನ್ನು ಸುಮಾರು ಎರಡು ವಾರದ ಮೇಲೆ ಮತ್ತೊಮ್ಮೆ ತೆಗೆಸುತ್ತಾರೆ. ಒಂದು ಮೂಳೆ ಕೂಡಿಕೊಂಡಿದೆ, ಇನ್ನೊಂದು ಹಸಿಯಾಗಿಯೇ ಇದೆ ಎಂದರೆ ಪೆಟ್ಟು ಬಿದ್ದದ್ದು ಒಂದೇ ಸಲ ಅಲ್ಲ.

ಕ್ಯಾಶುವಲ್ಟಿಯ ಗಡಿಬಿಡಿಯಲ್ಲಿ ಕೆಲಸಕ್ಕೆ ಬರುವ ಸೂತ್ರವೊಂದನ್ನು ಡಾ. ಮೇರಿ ಕ್ಲೈಡ್ ಪಿಯರ್ಸ್ ಮತ್ತು ಜೊತೆಗಾರರು 2010ರಲ್ಲಿ ಕೊಟ್ಟರು. ನಾಲ್ಕು ವರ್ಷದೊಳಗಿನ ಮಗುವಿಗೆ ಮುಂಡ, ಕಿವಿ, ಕುತ್ತಿಗೆಯಲ್ಲಿ ಕಂದಿದ ಗುರುತಿದ್ದರೆ, ನಾಲ್ಕು ತಿಂಗಳೂ ತುಂಬದ ಕೂಸಿಗೆ ಎಲ್ಲೇ ಇದ್ದರೂ, ಮುಂದಕ್ಕೆ ವಿಚಾರಿಸು. ಮಗುಚಿಕೊಳ್ಳಲೂ ಬಾರದ ಕೂಸು ತಾನಾಗಿ ಎಲ್ಲಿಗೆ ಹೋಗಿ ಡಿಕ್ಕಿ ಹೊಡೆದೀತು?

ಶಂಕೆ ಅತಿಯಾದರೂ ಅನಾಹುತ. ನಮ್ಮ ಮಕ್ಕಳ ಬೆನ್ನು, ಕುಂಡೆಯ ಮೇಲೆ ಹುಟ್ಟಿನಿಂದಲೇ ಬರುವ ನೀಲಿ ಮಚ್ಚೆ ಪೆಟ್ಟಿನ ಗುರುತಿನಂತೆಯೇ ಕಾಣುತ್ತದೆ. ಮೂಳೆ ಪೆಡಸಾಗುವ ವಂಶವಾಹಿ ರೋಗವೂ, ರಕ್ತ ಹೆಪ್ಪುಗಟ್ಟದ ಕಾಯಿಲೆಯೂ ದಾರಿ ತಪ್ಪಿಸುತ್ತವೆ. ಕೂಸನ್ನು ಜೋರಾಗಿ ಅಲುಗಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದೆಂದು 1971ರಲ್ಲಿ ಬರೆದ ಬ್ರಿಟಿಷ್ ನರಶಸ್ತ್ರಜ್ಞ ನಾರ್ಮನ್ ಗುತ್‌ಕೆಲ್ಚ್, ಆ ಮಾತನ್ನು ಕೋರ್ಟುಗಳಲ್ಲಿ ಬಳಸುತ್ತಿದ್ದ ರೀತಿ ಕಂಡು ಇಳಿವಯಸ್ಸಿನಲ್ಲಿ ಕಳವಳಪಟ್ಟರು.

ನಮ್ಮಲ್ಲಿ ಕಾಮಾಲೆಗೆ, ಸೆಟೆತಕ್ಕೆ ಎಳೆಗೂಸಿನ ಹೊಟ್ಟೆಗೆ ಬರೆ ಹಾಕುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಹಾಕಿಸಿದ ಅಜ್ಜಿಗೆ ಮಗು ಉಳಿಯಲಿ ಎಂಬುದೇ ಆಸೆ. ಸುಟ್ಟ ಗಾಯಕ್ಕೆ ಆ ಆಸೆ ತಿಳಿಯುವುದಿಲ್ಲ. ನನ್ನನ್ನು ಕೇಳಿದರೆ, ಅದನ್ನೂ ಕೇಸ್‌ಶೀಟಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಲೇಬೇಕು. ಅಜ್ಜಿಯ ಮೇಲೆ ಹರಿಹಾಯುವ ಅಗತ್ಯವಿಲ್ಲ.

ಇನ್ನು ಕಾನೂನಿನ ಮಾತು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದ ಶಂಕೆ ಬಂದರೂ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ವೈದ್ಯರಿಗೂ ಆರು ತಿಂಗಳವರೆಗೆ ಸೆರೆಯಾಗಬಹುದು. ಹೊಡೆತಕ್ಕೆ, ಹಿಂಸೆಗೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಶಿಕ್ಷೆ ಹೇಳುತ್ತದೆ, ಆದರೆ ವರದಿಯ ಹೊಣೆಯನ್ನು ಪೋಕ್ಸೊದಷ್ಟು ನೇರವಾಗಿ ವೈದ್ಯರ ಹೆಗಲಿಗೆ ಹಾಕಿಲ್ಲ. ಹೀಗಾಗಿ ಮುರಿದ ಪಕ್ಕೆಲುಬಿನ ಕೂಸು ಬಂದಾಗ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸು) ಎಂದು ಬರೆಯುವುದು, ಅಡ್ಮಿಟ್ ಮಾಡಿಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹಚ್ಚುವುದು ಬಹುಮಟ್ಟಿಗೆ ಆ ರಾತ್ರಿಯ ಡ್ಯೂಟಿ ಡಾಕ್ಟರ ಧೈರ್ಯಕ್ಕೆ ಬಿಟ್ಟದ್ದಾಗಿದೆ.