ಗಲಗಲಿಯ ಮಾತು ಕಂಪ್ಯೂಟರಿಗೆ ತಿಳಿದೀತೇ?

ಬಾಗಲಕೋಟೆ ಜಿಲ್ಲೆಯ ಗಲಗಲಿ ಕೃಷ್ಣೆಯ ದಂಡೆಯ ಊರು. ಅಲ್ಲಿಯ ಕಬ್ಬಿನ ಹೊಲದ ಬದುವಿನ ಮೇಲೆ ನಿಂತ ರೈತನೊಬ್ಬ ತನ್ನ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, 'ಹೊಳಿಗಿ ನೀರ ಎಷ್ಟ ಬಂದೈತಿ?' ಎಂದು ಕೇಳಿದನೆಂದು ಇಟ್ಟುಕೊಳ್ಳಿ. ಪುಸ್ತಕದ ಕನ್ನಡವನ್ನಷ್ಟೇ ಕಲಿತ ಯಂತ್ರ ಅದನ್ನು 'ಹೋಳಿಗೆ' ಎಂದು ಬರೆದುಕೊಂಡರೆ ಗತಿಯೇನು? ನೀರಿನ ಮಟ್ಟ ಕೇಳಿದವನಿಗೆ ಹೂರಣ ರುಬ್ಬುವ ವಿಧಾನ ಸಿಕ್ಕೀತು! ಕೇಳಲು ಇದು ತಮಾಷೆ. ಆದರೆ 2019ರ ಆಗಸ್ಟಿನಲ್ಲಿ ಕೃಷ್ಣೆ ದಂಡೆ ಮೀರಿ ಹರಿದ ದಿನಗಳನ್ನು ಕಂಡವರಿಗೆ ಇಂಥ ತಪ್ಪು ತಮಾಷೆಯಲ್ಲ.

ಮಾತಿಗೆ ಮಾತಿನಲ್ಲೇ ಉತ್ತರ ಕೊಡುವ 'ಡಿಜಿಟಲ್ ಸಹಾಯಕ' ಇಂದು ಹೊಸದೇನಲ್ಲ. ಆಪಲ್ ಕಂಪನಿಯ ಸಿರಿ 2011ರಲ್ಲಿ, ಅಮೆಜಾನ್ ಕಂಪನಿಯ ಅಲೆಕ್ಸಾ 2014ರಲ್ಲಿ ಬಂದವು. ಅವುಗಳ ಒಳಗುಟ್ಟು ಮಾತ್ರ ಕಂಪನಿಗಳ ಕೈಯಲ್ಲೇ ಇದೆ. ಅವು ಯಾವ ಭಾಷೆ ಕಲಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಗಿರಾಕಿ ನಿರ್ಧರಿಸಲಾರ. ಹಾಗಾದರೆ ನಮಗೆ ಬೇಕಾದ ಸಹಾಯಕನನ್ನು ನಾವೇ ಕಟ್ಟಿಕೊಳ್ಳಬಹುದೇ? ಖಂಡಿತ ಕಟ್ಟಿಕೊಳ್ಳಬಹುದು. ಅದಕ್ಕೆ ನೆರವಾಗುವುದೇ ಮುಕ್ತ ತಂತ್ರಾಂಶ.

ಹೆಪ್ಪಿನ ನೀತಿ

ನೆರೆಮನೆಯಿಂದ ಹೆಪ್ಪು ತಂದು ಮೊಸರು ಮಾಡುತ್ತೇವೆ. ಹೆಪ್ಪು ಕೊಟ್ಟವರ ಗಡಿಗೆಯೇನೂ ಬರಿದಾಗುವುದಿಲ್ಲ. ನಾಳೆ ನಾವೂ ಇನ್ನೊಬ್ಬರಿಗೆ ಕೊಡುತ್ತೇವೆ. ಮುಕ್ತ ತಂತ್ರಾಂಶದ ನೀತಿಯೂ ಇದೇ. ಬರೆದವರು ಅದರ ಮೂಲ ಬರಹವನ್ನೇ ಎಲ್ಲರ ಮುಂದಿಡುತ್ತಾರೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಇದರ ಲಾಭಕ್ಕೆ ಒಂದು ಉದಾಹರಣೆ ನೋಡಿ. ಅಮೆರಿಕದಲ್ಲಿ 2015ರಲ್ಲಿ 'ಮೈಕ್ರಾಫ್ಟ್' ಎಂಬ ಮುಕ್ತ ಧ್ವನಿ ಸಹಾಯಕ ಹುಟ್ಟಿತು. ಪೇಟೆಂಟ್ ವ್ಯಾಜ್ಯದ ಖರ್ಚು ಮತ್ತು ಹಣದ ಮುಗ್ಗಟ್ಟಿನಿಂದ 2023ರಲ್ಲಿ ಆ ಕಂಪನಿ ಕೆಲಸ ನಿಲ್ಲಿಸಿತು. ಮೂಲ ಬರಹ ಮುಕ್ತವಾಗಿದ್ದ ಕಾರಣ ಸಹಾಯಕ ಸಾಯಲಿಲ್ಲ. 'ಓಪನ್ ವಾಯ್ಸ್ ಓಎಸ್' ಎಂಬ ಹೆಸರಿನಲ್ಲಿ ಸ್ವಯಂಸೇವಕರು ಅದನ್ನು ಮುಂದುವರಿಸಿದರು.

ಕಿವಿ, ಕೈ, ತಲೆ, ಬಾಯಿ

ಹಿಂದೆ ಅಂಚೆ ಕಚೇರಿಯ ಮುಂದೆ ಕುಳಿತು ಓದುಬರಹ ಬಾರದವರಿಗೆ ಕಾಗದ ಬರೆದುಕೊಡುವವರಿದ್ದರು. ಹೇಳಿದ್ದನ್ನು ಕೇಳಿ, ಬರೆದು, ಯೋಚಿಸಿ ತಿದ್ದಿ, ಕೊನೆಗೆ ಓದಿ ಹೇಳುತ್ತಿದ್ದರು. ಡಿಜಿಟಲ್ ಸಹಾಯಕನಲ್ಲೂ ಇವೇ ನಾಲ್ಕು ಅಂಗಗಳು.

ಮೊದಲನೆಯದು ಕಿವಿ. ಗೊತ್ತುಮಾಡಿದ ಹೆಸರು ಕಿವಿಗೆ ಬಿದ್ದೊಡನೆ ಎಚ್ಚರಗೊಳ್ಳುವುದು ಇದರ ಕೆಲಸ. ಎರಡನೆಯದು ಮಾತನ್ನು ಅಕ್ಷರಕ್ಕಿಳಿಸುವ ಕೈ. 'ವಾಸ್ಕ್', 'ವಿಸ್ಪರ್' ಎಂಬ ಸಾಧನಗಳು ಇದಕ್ಕಿವೆ. ಮೂರನೆಯದು ಉತ್ತರ ಹುಡುಕುವ ತಲೆ. ಬಲ್ಗೇರಿಯದ ಗಿಯೋರ್ಗಿ ಗೆರ್ಗನೋವ್ 2023ರಲ್ಲಿ ಬರೆದ 'ಲಾಮಾ ಸಿಪಿಪಿ'ಯಿಂದಾಗಿ ದೊಡ್ಡ ಭಾಷಾ ಮಾದರಿಗಳನ್ನು ಮನೆಯ ಕಂಪ್ಯೂಟರಿನಲ್ಲೇ, ಇಂಟರ್‌ನೆಟ್ ಇಲ್ಲದೆ, ನಡೆಸುವುದು ಸಾಧ್ಯವಾಯಿತು. ನಾಲ್ಕನೆಯದು ಬಾಯಿ, ಅಂದರೆ ಅಕ್ಷರವನ್ನು ಮಾತಾಗಿಸುವ ಸಾಧನ. 'ಈಸ್ಪೀಕ್' ಎಂಬ ಪುಟ್ಟ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ದನಿ ಯಾಂತ್ರಿಕ, ನಿಜ. ಆದರೆ 2006ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರನ್ ಆರಂಭಿಸಿದ, ದೃಷ್ಟಿಹೀನರಿಗಾಗಿ ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ 'ಎನ್‌ವಿಡಿಎ'ಯೊಳಗೆ ಕುಳಿತಿರುವುದು ಇದೇ ದನಿ. ಕರನ್ ಸ್ವತಃ ದೃಷ್ಟಿಹೀನರು.

ಇವನ್ನೆಲ್ಲ ಜೋಡಿಸಲು 'ರಾಸ್ಪಿ', 'ಹೋಮ್ ಅಸಿಸ್ಟೆಂಟ್' ಮೊದಲಾದ ಚೌಕಟ್ಟುಗಳಿವೆ. ಸಣ್ಣಪುಟ್ಟ ಆಜ್ಞೆಗಳಿಗಾದರೆ ಅಂಗೈಯಲ್ಲಿ ಹಿಡಿಯುವ ರಾಸ್ಪ್‌ಬೆರಿ ಪೈ ಕಂಪ್ಯೂಟರೇ ಸಾಕು. ಮನೆಯಲ್ಲಿ ಆಡಿದ ಮಾತು ಮನೆಯಲ್ಲೇ ಉಳಿಯುತ್ತದೆ.

ನಾಲ್ಕು ಗಂಟೆಯ ಕನ್ನಡ

ಸಾಧನಗಳೆಲ್ಲ ಉಚಿತವಾಗಿಯೇ ಸಿಗುತ್ತಿದ್ದರೆ ಅಡ್ಡಿಯೆಲ್ಲಿದೆ? ಎರಡನೆಯ ಅಂಗದಲ್ಲಿದೆ. ಮಗು ಕೇಳಿ ಕೇಳಿ ಮಾತು ಕಲಿಯುವಂತೆ ಯಂತ್ರವೂ ಧ್ವನಿಮುದ್ರಿಕೆಗಳನ್ನು ಕೇಳಿಯೇ ಕಲಿಯಬೇಕು. 2022ರಲ್ಲಿ ಪ್ರಕಟವಾದ ವಿಸ್ಪರ್‌ಗೆ ಕಲಿಸಲು ಬಳಸಿದ್ದು 6,80,000 ಗಂಟೆಗಳ ಧ್ವನಿ. ಅದರಲ್ಲಿ ಬರಹದೊಡನೆ ಹೊಂದಿಸಿದ ಕನ್ನಡದ ಪಾಲು ಸುಮಾರು 4 ಗಂಟೆ ಮಾತ್ರ! ಒಂದು ಬಯಲಾಟದ ಅರ್ಧ ರಾತ್ರಿಯಷ್ಟೂ ಇಲ್ಲ.

ಈ ಕೊರತೆ ತುಂಬುವ ಕೆಲಸ ನಮ್ಮ ದೇಶದಲ್ಲೇ ನಡೆದಿದೆ. ಮದ್ರಾಸ್ ಐಐಟಿಯ 'ಎಐ4ಭಾರತ್' ತಂಡ 2024ರಲ್ಲಿ ಪ್ರಕಟಿಸಿದ 'ಇಂಡಿಕ್‌ವಾಯ್ಸಸ್' ಸಂಗ್ರಹದ ಮೊದಲ ಕಂತಿನಲ್ಲಿ 22 ಭಾಷೆಗಳ, 145 ಜಿಲ್ಲೆಗಳ, 16,237 ಜನರ 7,348 ಗಂಟೆಗಳ ಮಾತಿದೆ. ಅದರಲ್ಲಿ ಹೆಚ್ಚಿನದು ಓದಿದ್ದಲ್ಲ, ಸಹಜವಾಗಿ ಆಡಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ರೆಸ್ಪಿನ್' ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಕೃಷಿ ಮತ್ತು ಹಣಕಾಸಿನ ಮಾತುಗಳನ್ನು, ಅದೂ ಉಪಭಾಷೆಗಳ ವ್ಯತ್ಯಾಸಗಳೊಡನೆ, ಸಂಗ್ರಹಿಸಿದೆ. ಕೇಂದ್ರ ಸರಕಾರದ 'ಭಾಷಿಣಿ' 2022ರಲ್ಲಿ ಆರಂಭವಾಯಿತು.

ಇಷ್ಟಾದರೂ ಬೀಳಗಿ, ಜಮಖಂಡಿ, ಮುಧೋಳ ಸೀಮೆಯ ನುಡಿಗೆ ತನ್ನದೇ ಜಾಯಮಾನವಿದೆ. ಇಲ್ಲಿ ಈರುಳ್ಳಿ ಉಳ್ಳಾಗಡ್ಡಿಯಾಗುತ್ತದೆ, ಬಂದಿದೆ ಎಂಬುದು ಬಂದೈತಿ ಆಗುತ್ತದೆ. ರಬಕವಿ-ಬನಹಟ್ಟಿಯ ನೇಕಾರರ ಮಗ್ಗದ ಮಾತುಗಳು ಮತ್ತೆ ಬೇರೆ. ಸಂಗ್ರಹದಲ್ಲಿ ಇಲ್ಲದ ಮಾತು ಯಂತ್ರಕ್ಕೆ ಬಾರದು. ಆಗ ತಪ್ಪು ಯಂತ್ರದ್ದಾದರೂ ಕೀಳರಿಮೆ ಮಾತ್ರ ರೈತನಿಗೆ. 'ನನಗೇ ಸರಿಯಾಗಿ ಮಾತಾಡಾಕ ಬರೂದಿಲ್ಲ' ಎಂದುಕೊಳ್ಳುತ್ತಾನೆ. ನಿಜವಾಗಿ ಕಲಿಯಬೇಕಾದದ್ದು ಯಂತ್ರ.

ಎಚ್ಚರವೂ ಇರಲಿ

'ಮುಕ್ತ' ಎಂಬ ಹೆಸರು ಹೊತ್ತದ್ದೆಲ್ಲ ಮುಕ್ತವಲ್ಲ. ಕೆಲವು ಕಂಪನಿಗಳು ಸಿದ್ಧ ಮಾದರಿಯನ್ನು ಕೊಟ್ಟು ಕರಾರು ಹಾಕುತ್ತವೆ. ಪರವಾನಗಿ ಓದಿಯೇ ಬಳಸಬೇಕು. ಭಾಷಾ ಮಾದರಿಗಳು ಗೊತ್ತಿಲ್ಲದ್ದನ್ನೂ ಗೊತ್ತಿರುವಂತೆ ಹೇಳಿಬಿಡುತ್ತವೆ. ಬೆಳೆಗೆ ಹೊಡೆಯುವ ಔಷಧದ ಪ್ರಮಾಣವನ್ನಾಗಲಿ, ಪ್ರವಾಹದ ಮುನ್ಸೂಚನೆಯನ್ನಾಗಲಿ ಸಂಬಂಧಪಟ್ಟ ಇಲಾಖೆಯವರಿಂದಲೇ ಖಚಿತಪಡಿಸಿಕೊಳ್ಳಬೇಕು.

ಸಂಸ್ಕೃತ ವಿದ್ವಾಂಸ ಪಂಢರಿನಾಥಾಚಾರ್ಯ ಗಲಗಲಿಯವರ ಹೆಸರಿನೊಡನೆಯೇ ಈ ಊರು ನಾಡಿಗೆ ಪರಿಚಿತ. ಗುರು ಹೇಳಿದ್ದನ್ನು ಶಿಷ್ಯ ಕೇಳಿ, ಮರಳಿ ಹೇಳಿ, ತಿದ್ದಿಸಿಕೊಂಡು ಕಲಿಯುವುದು ಸಂಸ್ಕೃತ ಪಾಠದ ಹಳೆಯ ಕ್ರಮ. ಕಂಪ್ಯೂಟರಿನ ಕಲಿಕೆಯೂ ಹೆಚ್ಚುಕಡಿಮೆ ಇದೇ ಬಗೆಯದು. ಹೈಸ್ಕೂಲು ಮಕ್ಕಳು ತಮ್ಮ ಅಜ್ಜ ಅಜ್ಜಿಯರ ಮಾತನ್ನು, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಮುದ್ರಿಸಿ ಪಕ್ಕದಲ್ಲಿ ಅಕ್ಷರದಲ್ಲೂ ಬರೆದಿಟ್ಟರೆ ಅದೇ ಪಾಠದ ಪುಸ್ತಕವಾದೀತು. ಹೆಪ್ಪು ಕೊಡಲು ನೆರೆಯವರು ಸಿದ್ಧರಿದ್ದಾರೆ. ಹಾಲು ಮಾತ್ರ ನಮ್ಮ ಮನೆಯದೇ ಆಗಬೇಕು.