ನಿಮಗಿದು ಗೊತ್ತೆ? ಊಟದ ಪಟ್ಟಿ ಕೇಳಿದವರು ವಕೀಲರಾದರು

ಕಣ್ಣು, ಕಿವಿ ಎರಡೂ ಸರಿಯಾಗಿ ಕೆಲಸ ಮಾಡದವರು ವಕೀಲಿಕೆ ಮಾಡಬಹುದೆ? ಅಮೆರಿಕದ ಹಾಬೆನ್ ಗಿರ್ಮಾ ಮಾಡಿ ತೋರಿಸಿದ್ದಾರೆ. ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಪದವಿ ಪಡೆದ ಮೊದಲ ಅಂಧ-ಶ್ರವಣದೋಷವುಳ್ಳ ವ್ಯಕ್ತಿ ಅವರು, ಅದು 2013ರಲ್ಲಿ. ಎದುರಿಗಿದ್ದವರು ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ್ದು ಹಾಬೆನ್ ಅವರ ಬೆರಳಡಿ ಬ್ರೈಲ್ ಚುಕ್ಕಿಗಳಾಗಿ ಏಳುತ್ತದೆ. ಉತ್ತರ ಮಾತ್ರ ಬಾಯಲ್ಲೇ!

ಹಕ್ಕಿನ ಪಾಠ ಶುರುವಾದದ್ದು ಕಾಲೇಜಿನ ಕ್ಯಾಂಟೀನಿನಲ್ಲಿ. ಯಾವ ಕೌಂಟರಿನಲ್ಲಿ ಏನಿದೆ ಎಂಬ ಪಟ್ಟಿ ಅಚ್ಚಿನಲ್ಲಿ ಮಾತ್ರ ಇತ್ತು. ಇಮೇಲ್ ಮಾಡಿ ಎಂದರೆ, ಪುರುಸೊತ್ತಿಲ್ಲ ಎಂಬ ಉತ್ತರ. ಅಂಗವಿಕಲರ ಕುರಿತ 1990ರ ಕಾಯ್ದೆಯನ್ನು ನೆನಪಿಸಿ, ಕೋರ್ಟಿಗೆ ಹೋಗಬೇಕಾದೀತು ಎಂದ ಮೇಲೆ ಪಟ್ಟಿ ತಪ್ಪದೆ ಬರತೊಡಗಿತು. ಕಾನೂನಿನ ಹೆಸರೆತ್ತಿದರೆ ಪುರುಸೊತ್ತು ತಾನಾಗಿ ಸಿಗುತ್ತದೆ, ನೋಡಿ.

ಮುಂದೆ ಆನ್‌ಲೈನ್ ಗ್ರಂಥಾಲಯ ಸ್ಕ್ರಿಬ್ಡ್ ವಿರುದ್ಧದ ಮೊಕದ್ದಮೆಯಲ್ಲಿ ಅಂಧರ ಒಕ್ಕೂಟದ ಪರ ವಕೀಲರಲ್ಲಿ ಹಾಬೆನ್ ಕೂಡ ಒಬ್ಬರು. ಅಲ್ಲಿನ ಪುಸ್ತಕಗಳನ್ನು ಅಂಧರು ಬಳಸುವ, ಅಕ್ಷರವನ್ನು ಓದಿ ಹೇಳುವ ತಂತ್ರಾಂಶದಿಂದ ಓದಲಾಗುತ್ತಿರಲಿಲ್ಲ. ಕಟ್ಟಡವೇ ಇಲ್ಲದ ನಮಗೆ ಆ ಕಾಯ್ದೆ ಅನ್ವಯಿಸದು ಎಂಬುದು ಕಂಪನಿಯ ವಾದ. ವರ್ಮಾಂಟ್‌ನ ಫೆಡರಲ್ ನ್ಯಾಯಾಲಯ 2015ರ ಮಾರ್ಚ್‌ನಲ್ಲಿ ಅದನ್ನು ಒಪ್ಪಲಿಲ್ಲ. ಅಂತರ್ಜಾಲದಲ್ಲಷ್ಟೇ ವ್ಯವಹಾರ ನಡೆಸುವವರಿಗೂ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಅದೇ ವರ್ಷ ರಾಜಿಯಾಗಿ, 2017ರ ಕೊನೆಯೊಳಗೆ ತನ್ನ ಜಾಲತಾಣವನ್ನು ಅಂಧರೂ ಬಳಸುವಂತೆ ಮಾಡಲು ಕಂಪನಿ ಒಪ್ಪಿಕೊಂಡಿತು.